ಮಾವನವರ ಅಂಗಳದಲ್ಲಿ ಇಂಗ್ಲೆಂಡು

ಮಾವನ ಮನೆಯಲ್ಲಿ ಅಳಿಯನಾದವನು ಹೇಗಿರಬೇಕೆಂಬ ವಿಷಯದಲ್ಲಿ ನನಗೆ ಖಚಿತವಾದ ಒಂದು ಅಭಿಪ್ರಾಯವಿದೆ. ಬಡಿಸಿದ್ದನ್ನು ಉಣ್ಣಬೇಕು, ಹಾಸಿದಲ್ಲಿ ಮಲಗಬೇಕು, ಕೇಳಿದ್ದಕ್ಕೆಲ್ಲ ಹೌದೆನ್ನಬೇಕು. ತನಗೆ ಏನಾದರೂ ಗೊತ್ತಿದೆ ಎಂಬ ಸುಳಿವನ್ನು ಮಾತ್ರ ಯಾರಿಗೂ ಕೊಡಬಾರದು. ಹಲ್ಲುನೋವಿಗೆ ಔಷಧ ಗೊತ್ತಿದೆಯೆಂದು ಬಾಯಿ ಬಿಟ್ಟಿರೋ, ಊರಿನ ಬಾಯಿಗಳೆಲ್ಲ ನಿಮ್ಮ ಮುಂದೆ ತೆರೆದುಕೊಳ್ಳುತ್ತವೆ. ಗಡಿಯಾರ ರಿಪೇರಿ ಗೊತ್ತಿದೆಯೆಂದಿರೋ, ಮುತ್ತಜ್ಜನ ಕಾಲದಲ್ಲಿ ನಿಂತದ್ದು ಅಟ್ಟದಿಂದ ಇಳಿದು ಬರುತ್ತದೆ. ನನಗೆ ಇವೆರಡೂ ಗೊತ್ತಿರಲಿಲ್ಲ. ದುರ್ದೈವದಿಂದ ಇಂಗ್ಲೀಷು ಗೊತ್ತಿತ್ತು. ಗೊತ್ತಿತ್ತು ಎಂದರೆ, ಹಿರೇಕೆರೂರಿನ ಸಾಲೆಯಲ್ಲಿ ಅದನ್ನು ಕಲಿಸಿ ಹೊಟ್ಟೆ ಹೊರೆಯುತ್ತಿದ್ದೆ. ಕಲಿಸುವುದಕ್ಕೂ ಗೊತ್ತಿರುವುದಕ್ಕೂ ಎಷ್ಟು ಅಂತರವಿದೆಯೆಂಬುದು ಮಾಸ್ತರಿಕೆ ಮಾಡಿದವರಿಗಷ್ಟೇ ತಿಳಿದ ಸಂಗತಿ. ನಾವು ಅದನ್ನು ಹೊರಗೆ ಹೇಳುವ ರೂಢಿಯಿಲ್ಲ.

ನನ್ನ ಮಾವ ಬಸನಗೌಡರು ಸವಣೂರಿಗೆ ಹತ್ತಿರದ ಹತ್ತಿಮತ್ತೂರಿನವರು. ಎರೆಹೊಲ, ಹತ್ತಿ, ಜೋಳ, ಮೆಣಸಿನಕಾಯಿ ಎಂದು ತಲೆತಲಾಂತರದಿಂದ ನಡೆದುಬಂದ ಒಕ್ಕಲುತನ. ಬೆಳ್ಳಗಿನ ಮೀಸೆ, ದೊಡ್ಡ ರುಮಾಲು, ಅದಕ್ಕಿಂತ ದೊಡ್ಡ ಮನಸ್ಸು. ಆದರೆ ಆಗಾಗ ಅವರ ತಲೆಯೊಳಗೆ ಒಂದು ಹುಳ ಹೊಗುತ್ತಿತ್ತು. ಒಮ್ಮೆ ಯಾವುದೋ ಪ್ರದರ್ಶನದಲ್ಲಿ ವಿಲಾಯತಿ ಕೋಳಿಗಳನ್ನು ನೋಡಿ ಮನೆಗೆ ತರಬೇಕೆಂದು ಹೊರಟಿದ್ದರಂತೆ. ಲಿಂಗವಂತರ ಮನೆಯಲ್ಲಿ ಕೋಳಿ ಕೂಗಿದರೆ ತಾನು ತವರಿಗೆ ಹೋಗುತ್ತೇನೆಂದು ಅತ್ತೆ ಹೇಳಿದ್ದರಿಂದ ಆ ಹುಳ ಅಲ್ಲಿಗೇ ಸತ್ತಿತು. ಮತ್ತೊಮ್ಮೆ ಹಾರ್ಮೋನಿಯಂ ಬಂತು. ಅದು ಬಂದ ಮೇಲೆ ಹಿತ್ತಲಿನ ಎಮ್ಮೆ ಹಾಲು ಕಡಿಮೆ ಮಾಡಿತೆಂಬುದು ಅತ್ತೆಯ ಆಕ್ಷೇಪ. ಹಾಲು ಕಡಿಮೆಯಾದದ್ದು ನಿಜ. ಕಾರಣ ಸಂಗೀತವೋ ಹಿಂಡಿಯೋ ತೀರ್ಮಾನವಾಗಲಿಲ್ಲ.

ಎರಡನೆಯ ಮಹಾಯುದ್ಧ ಇನ್ನೂ ಸುರುವಾಗಿರದ ಕಾಲ. ನನ್ನ ಹೆಂಡತಿ ಗಂಗಾ ಚೊಚ್ಚಲ ಹೆರಿಗೆಗೆಂದು ತವರಿಗೆ ಹೋಗಿದ್ದಳು. ಅದೇ ಯುಗಾದಿಯ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಹತ್ತಿಯ ಗಿರಣಿಯೊಂದರ ಇಂಗ್ಲೀಷ್ ಮ್ಯಾನೇಜರನೊಬ್ಬ ತನ್ನ ದೇಶಕ್ಕೆ ಮರಳುವವನಿದ್ದು, ಮನೆಯ ಸಾಮಾನನ್ನೆಲ್ಲ ಲಿಲಾವಿಗೆ ಹಾಕಿದ. ಹತ್ತಿ ಮಾರಲು ಹೋದ ಮಾವನವರು ಅಲ್ಲಿಗೂ ಹೋದರು. ಉಳಿದವರು ಕುರ್ಚಿ, ಮೇಜು, ಕಪಾಟು ಎಂದು ಕೂಗುತ್ತಿದ್ದಾಗ ಇವರು ಗೋಡೆಯ ಮೇಲಿನ ಒಂದು ಚಿತ್ರದ ಮುಂದೆ ನಿಂತವರು ಅಲುಗಾಡಲಿಲ್ಲವಂತೆ. ಬೇಸಿಗೆಯ ರಜೆಗೆ ನಾನು ಹೋದಾಗ ಆ ಚಿತ್ರ ಪಡಸಾಲೆಯ ನಡುಗೋಡೆಯ ಮೇಲೆ, ಹಿರಿಯರ ಭಾವಚಿತ್ರಗಳನ್ನು ಆ ಕಡೆ ಈ ಕಡೆ ಸರಿಸಿ, ದೊಡ್ಡದಾದ ಚೌಕಟ್ಟಿನಲ್ಲಿ ಕುಳಿತಿತ್ತು.

ಇಂಗ್ಲೆಂಡಿನ ಯಾವುದೋ ಹಳ್ಳಿಗಾಡಿನಲ್ಲಿರುವ ಜಮೀನುದಾರರ ಹಳೆಯ ಮನೆ. ಮನೆಯೆಂದರೆ ಸಾಲದು; ಬೂದುಗಲ್ಲಿನ ಕಟ್ಟಡ ಈ ತುದಿಯಿಂದ ಆ ತುದಿಯವರೆಗೆ ಚಾಚಿತ್ತು, ಕಿಟಕಿಗಳನ್ನು ಎಣಿಸುವ ಧೈರ್ಯವಾಗುತ್ತಿರಲಿಲ್ಲ. ಅದರ ಮುಂದೆ ತೋಟ. ಮಖಮಲ್ಲು ಹಾಸಿದಂತಹ ಹುಲ್ಲು, ಅದರಲ್ಲಿ ಅಳೆದು ಕೊರೆದಂತಹ ಚೌಕಗಳು, ಗೋಡೆಯಂತೆ ಸಪಾಟಾಗಿ ಕತ್ತರಿಸಿದ ಹಸಿರು ಬೇಲಿಗಳು. ದಾರಿಯ ಎರಡೂ ಬದಿಗೆ ಗಿಡಗಳನ್ನೇ ಕತ್ತರಿಸಿ ಮಾಡಿದ ಎರಡು ನವಿಲುಗಳು. ದೂರದಲ್ಲಿ, ಮರಳಿನ ಹಾದಿಯ ಮೇಲೆ, ಕೊಡೆ ಹಿಡಿದ ಒಬ್ಬ ಹೆಂಗಸು ಮತ್ತು ಒಂದು ನಾಯಿ. ಕೆಳಗೆ ಇಂಗ್ಲೀಷಿನಲ್ಲಿ ಒಂದು ಸಾಲು.

ನಾನು ಕೈಕಾಲು ತೊಳೆದುಕೊಳ್ಳುವ ಮೊದಲೇ ಮಾವನವರು ಆ ಸಾಲನ್ನು ಓದಿ ಹೇಳಬೇಕೆಂದರು. ಮನೆಯ ದಕ್ಷಿಣ ದಿಕ್ಕಿನ ಮುಖ ಎಂದು ಬರೆದಿದೆ ಎಂದೆ. ಅವರು ಗಂಭೀರರಾದರು.

"ದಕ್ಷಿಣಕ್ಕ ಬಾಗಲಾ? ಇಷ್ಟ ದೊಡ್ಡ ಮನಿ ಕಟ್ಟೂ ಮುಂದ ಹಿರ್ಯಾರು ಒಬ್ರೂ ಹೇಳಲಿಲ್ಲೇನ್ರಿ ಅವರಿಗೆ?"

ನನಗೇನು ಗೊತ್ತು? ಆ ದೋಷ ಕಳೆಯಲಿಕ್ಕೇ ಮುಂದೆ ಇಂಥ ತೋಟ ಮಾಡಿರಬೇಕೆಂದು ಅವರೇ ನಿರ್ಣಯಿಸಿದರು. ಆಮೇಲೆ ಪ್ರಶ್ನೆಗಳ ಸುರಿಮಳೆ. ದನ ಎಲ್ಲಿ ಕಟ್ಟುತ್ತಾರೆ? ಬಣವೆ ಎಲ್ಲಿ ಒಟ್ಟುತ್ತಾರೆ? ನಾಯಿಯೂ ಹುಲ್ಲಿನ ಮೇಲೆ ಹೋಗದೆ ಹಾದಿಯ ಮೇಲೇ ನಿಂತಿದೆಯಲ್ಲ, ಯಾಕೆ? ಕೊನೆಯ ಪ್ರಶ್ನೆಗೆ ಮಾತ್ರ ಉತ್ತರ ಹೊಳೆಯಿತು. ಆ ಹುಲ್ಲು ನೋಡುವುದಕ್ಕೆ, ತುಳಿಯುವುದಕ್ಕಲ್ಲ ಎಂದು ಹೇಳಿದೆ. ಮಾವನವರ ಕಣ್ಣು ಮಿನುಗಿತು. ಚಿತ್ರವನ್ನೊಮ್ಮೆ ನೋಡಿದರು, ಬಾಗಿಲಾಚೆಗಿನ ತಮ್ಮ ಅಂಗಳವನ್ನೊಮ್ಮೆ ನೋಡಿದರು. ಹುಳ ಒಳಗೆ ಹೋದದ್ದು ನನಗೆ ಕಣ್ಣಾರೆ ಕಂಡಿತು.

ಆ ಅಂಗಳದ ಬಗ್ಗೆ ಎರಡು ಮಾತು ಹೇಳಬೇಕು. ಅದು ಹೆಸರಿಗೆ ಮಾವನವರದು, ನಿಜವಾಗಿ ಅತ್ತೆ ನೀಲವ್ವನವರದು. ಬೇಸಿಗೆಯಲ್ಲಿ ಶಾವಿಗೆ, ಹಪ್ಪಳ, ಸಂಡಿಗೆ, ಸುಗ್ಗಿಯಲ್ಲಿ ಜೋಳ, ಕಡಲೆ, ಚಳಿಗಾಲದಲ್ಲಿ ಮೆಣಸಿನಕಾಯಿ. ವರ್ಷದುದ್ದಕ್ಕೂ ಅಲ್ಲಿ ಏನಾದರೊಂದು ಬಿಸಿಲು ಕಾಯುತ್ತಲೇ ಇರುತ್ತಿತ್ತು. ಅದನ್ನು ಚಿತ್ರದಲ್ಲಿದ್ದಂತಹ ತೋಟ ಮಾಡುವ ಹೊಸ ಯೋಜನೆಯನ್ನು ಅವರಿಗೆ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಅವರು ಅಡಿಗೆಮನೆಯ ಬಾಗಿಲ ಮರೆಯಲ್ಲಿ ನಿಂತು, ಆ ತೋಟದಲ್ಲಿ ಏನು ಬೆಳೆಯುತ್ತಾರೆ ಎಂದು ಕೇಳಿದರು. ಹುಲ್ಲು ಎಂದೆ. ದನ ಮೇಯಿಸುತ್ತಾರೇನು ಎಂದರು. ಇಲ್ಲ ಎಂದೆ. ಮತ್ತೆ ಏನು ಮಾಡುತ್ತಾರೆ ಎಂದರು. ನೋಡುತ್ತಾರೆ ಎಂದೆ. ಬಾಗಿಲ ಹಿಂದೆ ಒಂದು ತಪ್ಪಲೆಯನ್ನು ನೆಲಕ್ಕೆ ಇಟ್ಟ ಸದ್ದು ಕೇಳಿತು. ಅದು ಇಟ್ಟದ್ದೋ ಕುಕ್ಕಿದ್ದೋ ಎಂಬುದನ್ನು ನಿಮ್ಮ ಊಹೆಗೆ ಬಿಡುತ್ತೇನೆ.

ಅಂದಿನಿಂದ ಅವರು ಗಂಡನ ಸಂಗಡ ಮಾತು ಬಿಟ್ಟರು. ಜಗಳವಿಲ್ಲ, ಅಳುವಿಲ್ಲ. ಹೊತ್ತಿಗೆ ಸರಿಯಾಗಿ ರೊಟ್ಟಿ ಬರುತ್ತಿತ್ತು, ಬೆಣ್ಣೆ ಬರುತ್ತಿತ್ತು, ಮಾತು ಮಾತ್ರ ಬರುತ್ತಿರಲಿಲ್ಲ. ಹೇಳಲೇಬೇಕಾದ ವಿಷಯವಿದ್ದರೆ 'ಅವರಿಗೆ ಹೇಳ್ರಿ' ಎಂದು ನನಗೆ ಹೇಳುವರು. ಒಂದೇ ಸೀಮೆಯಲ್ಲಿ ಹುಟ್ಟಿ, ಒಂದೇ ಕನ್ನಡ ಆಡುತ್ತ ಬೆಳೆದ ಗಂಡಹೆಂಡಿರ ನಡುವೆ ಇಂಗ್ಲೀಷ್ ಮಾಸ್ತರನೊಬ್ಬ ದುಭಾಷಿಯಾಗಿ ನಿಂತ ಉದಾಹರಣೆ ಬೇರೆಲ್ಲಿಯಾದರೂ ಇದೆಯೋ ಕಾಣೆ.

ಮೊದಲ ಮಳೆಗೆ ಕೆಲಸ ಸುರುವಾಯಿತು. ಮಖಮಲ್ಲಿನಂತಹ ಹುಲ್ಲು ನಮ್ಮ ಕಡೆ ಯಾವುದೆಂದು ವಿಚಾರಿಸಿದಾಗ, ಕರಕಿಯೊಂದೇ ಎಂದು ಗೊತ್ತಾಯಿತು. ಗಣಪತಿಗೆ ಏರಿಸುವ ಅದೇ ಕರಕಿ. ಆದರೆ ಎರೆಹೊಲದ ಒಕ್ಕಲಿಗನಿಗೆ ಅದರಷ್ಟು ದೊಡ್ಡ ವೈರಿಯಿಲ್ಲ. ಒಮ್ಮೆ ಹೊಲದಲ್ಲಿ ಬೇರೂರಿತೆಂದರೆ ಆಳೆತ್ತರ ಅಗೆದರೂ ಹೋಗುವುದಿಲ್ಲ. ಅಂಥ ಕರಕಿಯನ್ನು ಗೌಡರು ಬಂಡಿಗಟ್ಟಲೆ ಹೇರಿಸಿಕೊಂಡು ಬಂದು ಮನೆಯ ಮುಂದೆ ನೆಡಿಸುವುದನ್ನು ಕಂಡು ಆಳುಗಳು ಮುಖ ಮುಖ ನೋಡಿಕೊಂಡರು. ಒಬ್ಬ ಮುದುಕ ನನ್ನನ್ನು ಬದಿಗೆ ಕರೆದು, ತನ್ನಪ್ಪ ಕರಕಿ ಕೀಳುತ್ತಲೇ ಸತ್ತ, ತಾನೂ ಹಾಗೇ ಸಾಯುವವನು, ಗೌಡರಿಗೆ ಯಾರಾದರೂ ಏನಾದರೂ ಮಾಡಿಸಿದ್ದಾರೋ ಹೇಗೆ ಎಂದು ಕಳಕಳಿಯಿಂದ ವಿಚಾರಿಸಿದ. ಇದು ಇಂಗ್ಲೀಷ್ ಪದ್ಧತಿ ಎಂದೆ. ಅವನು ತಲೆಯಾಡಿಸಿ, ಹಾಗಾದರೆ ಅದಕ್ಕೆ ತಾಯಿತ ನಡೆಯುವುದಿಲ್ಲ ಎಂದು ಹೊರಟುಹೋದ.

ಅಂಗಳದ ಅಂಚಿಗೆ ಮೊದಲಿನಿಂದಲೂ ಮದರಂಗಿಯ ದಟ್ಟ ಬೇಲಿಯಿತ್ತು. ಅದನ್ನೇ ಗೋಡೆಯಂತೆ ಕತ್ತರಿಸಿ, ಬಾಗಿಲ ಎರಡೂ ಬದಿಗೆ ನವಿಲು ಮಾಡಬೇಕೆಂದಾಯಿತು. ಕತ್ತರಿಸುವವರು ಯಾರು? ಕುರಿಯ ಉಣ್ಣೆ ಕತ್ತರಿಸುವ ಬೀರಪ್ಪನಿಗೆ ಕರೆ ಹೋಯಿತು. ಅವನ ಕತ್ತರಿಯೇನೋ ಹರಿತವಾಗಿತ್ತು; ನವಿಲಿನ ನಮೂನೆ ಕಣ್ಮುಂದೆ ಇರಬೇಕಲ್ಲ? ಚಿತ್ರವನ್ನು ಗೋಡೆಯಿಂದ ಇಳಿಸಿದರು. ಅದನ್ನು ಎದೆಗವಚಿಕೊಂಡು ಬೀರಪ್ಪನ ಎದುರಿಗೆ ಬಿಸಿಲಲ್ಲಿ ನಿಲ್ಲುವ ಜವಾಬ್ದಾರಿ ನನ್ನದಾಯಿತು. ಹಿರೇಕೆರೂರಿನಲ್ಲಿ ನನ್ನ ಕೈಬೆತ್ತಕ್ಕೆ ಹೆದರುವ ಹುಡುಗರು ಆ ಸ್ಥಿತಿಯಲ್ಲಿ ನನ್ನನ್ನು ನೋಡಲಿಲ್ಲವೆಂಬುದೇ ಸಮಾಧಾನ. ಚೌಕಟ್ಟಿನ ಮೇಲಂಚಿನಿಂದ ನನ್ನ ಮುಖ ಮಾತ್ರ ಕಾಣುತ್ತಿದ್ದುದರಿಂದ, ಹಾದಿಯಲ್ಲಿ ಹೋಗುವವರಿಗೆ ಆ ಬಂಗಲೆಯ ಹಿಂದೆ ಒಬ್ಬ ರಾಕ್ಷಸ ಎದ್ದು ನಿಂತಂತೆ ಕಂಡಿತೆಂದು ಗಂಗಾ ಆಮೇಲೆ ಹೇಳಿದಳು.

ಬೀರಪ್ಪ ಚಿತ್ರವನ್ನು ಆಗಾಗ ನೋಡುತ್ತಲೇ ಕೆಲಸ ಮಾಡಿದ. ಆದರೆ ಕೈಗೆ ತನ್ನದೇ ಒಂದು ಅಭ್ಯಾಸವಿರುತ್ತದೆ. ನವಿಲಿನ ಕುತ್ತಿಗೆ ದಪ್ಪವಾಯಿತು, ಬಾಲ ಗಿಡ್ಡವಾಯಿತು, ತುರಾಯಿ ಇರಬೇಕಾದಲ್ಲಿ ಎರಡು ಕೊಂಬು ತಿರುಗಿಕೊಂಡವು. ಸಂಜೆಯ ಹೊತ್ತಿಗೆ ಬಾಗಿಲಲ್ಲಿ ಎರಡು ಹಸಿರು ಟಗರುಗಳು ಒಂದನ್ನೊಂದು ಗುದ್ದಲು ಸಿದ್ಧವಾಗಿ ನಿಂತಿದ್ದವು. ಮಾವನವರು ಬಹಳ ಹೊತ್ತು ನೋಡಿದರು. ಸದ್ಯ, ಟಗರು ಒಕ್ಕಲಿಗರ ಮನೆಗೆ ಶೋಭೆಯೇ ಎಂದರು. ಬೀರಪ್ಪ ತನ್ನ ಜೀವಮಾನದಲ್ಲಿ ಕತ್ತರಿಗೆ ಸಿಕ್ಕೂ ಒದೆಯದ ಕುರಿಗಳೆಂದರೆ ಇವೇ ಎಂದು ಸಂತೋಷಪಟ್ಟ.

ಟಗರುಗಳ ಆಯುಷ್ಯ ಪಂಚಮಿಯವರೆಗೆ. ಹಬ್ಬದ ಮುಂಚಿನ ದಿನ ಮಾವನವರು ಶಿಗ್ಗಾವಿಯ ಕಡೆ ಹೋದದ್ದೇ ತಡ, ಊರ ಹೆಣ್ಣುಮಕ್ಕಳೆಲ್ಲ ಮದರಂಗಿ ಹಚ್ಚಿಕೊಳ್ಳಲು ಬುಟ್ಟಿ ಹಿಡಿದು ಬಂದರು. ಪ್ರತಿ ವರ್ಷ ಬರುವವರೇ, ತಡೆಯುವವರು ಯಾರು? ಮಾವನವರು ಮರಳಿದಾಗ ಎರಡು ಕಡ್ಡಿಯ ಅಸ್ಥಿಪಂಜರಗಳು ನಿಂತಿದ್ದವು. ಅವರು ಕೆಂಡವಾಗಿ ಒಳಗೆ ಬಂದರು. ಎದುರಿಗೆ ತೊಟ್ಟಿಲಲ್ಲಿ ಮಲಗಿದ್ದ, ಗಂಗಾ ಹೆತ್ತ ಎರಡು ತಿಂಗಳ ಮೊಮ್ಮಗಳು ಎರಡೂ ಅಂಗೈ ತೆರೆದು ಕೈ ಆಡಿಸುತ್ತಿದ್ದಳು. ಅಂಗೈಯಲ್ಲಿ ಗುಲಗಂಜಿಯಷ್ಟೇ ಕೆಂಪು ಚುಕ್ಕೆಗಳು. ಮಾವನವರು ಅವನ್ನು ನೋಡಿ, ಬೈಯಲೆಂದು ತೆರೆದಿದ್ದ ಬಾಯಿಯಿಂದ ಲಾಲಿಯಂತಹದೇನನ್ನೋ ಗುನುಗಿ, ರುಮಾಲು ತೆಗೆದಿಟ್ಟು ಕುಳಿತುಬಿಟ್ಟರು.

ಆದರೆ ಹುಲ್ಲು ಮಾತ್ರ ಬೆಳೆಯಿತು. ಕರಕಿಗೆ ಬೆಳೆಯಬೇಡವೆಂದರೂ ಬೆಳೆಯುವುದು ಗೊತ್ತು. ಬೆಳೆಯೆಂದು ಬೇಡಿಕೊಂಡರೆ ಕೇಳಬೇಕೇ? ದಸರೆಯ ಹೊತ್ತಿಗೆ ಅಂಗಳವೆಲ್ಲ ಹಸಿರು ಜಮಖಾನೆಯಾಯಿತು. ನಡುವೆ ಮರಳಿನ ಒಂದು ಹಾದಿ. ಎಲ್ಲರೂ ಅದರ ಮೇಲೇ ನಡೆಯಬೇಕು. ಮಾವನವರು ಬೆಳಿಗ್ಗೆ ಎದ್ದು ಕಟ್ಟೆಯ ಮೇಲೆ ಕುಳಿತು, ಕುರಿ ಬಂದರೆ ಕುರಿಯನ್ನು, ಮಂದಿ ಬಂದರೆ ಮಂದಿಯನ್ನು ಕೂಗಿ ಹಾದಿಗೆ ಹಚ್ಚುತ್ತಿದ್ದರು. ತಾವೂ ಒಂದು ದಿನವಾದರೂ ಹುಲ್ಲಿನ ಮೇಲೆ ಕಾಲಿಟ್ಟವರಲ್ಲ.

ಬಾಣಂತಿಯನ್ನು ಐದನೆಯ ತಿಂಗಳಿಗೆ ಕಳಿಸಿಕೊಡುವುದು ನಮ್ಮ ಕಡೆಯ ರೂಢಿ. ಹಿರೇಕೆರೂರಿನಲ್ಲಿ ನಾನು ಕೈ ಸುಟ್ಟುಕೊಂಡು ಅನ್ನ ಬೇಯಿಸುತ್ತ ದಿನ ನೂಕುತ್ತಿದ್ದೆ. ರಜೆ ಸಿಕ್ಕಾಗಲೆಲ್ಲ ಮೋಟಾರು ಹಿಡಿದು ಹಾವೇರಿಗೆ, ಅಲ್ಲಿಂದ ಬಂಡಿಯಲ್ಲಿ ಹತ್ತಿಮತ್ತೂರಿಗೆ ಬಂದು, ಯಾವಾಗ ಕಳಿಸುತ್ತೀರಿ ಎಂದು ಕೇಳುವುದು; ತೋಟ ಒಂದು ಹದಕ್ಕೆ ಬರಲಿ, ನೀವು ಹೋದರೆ ನನಗೆ ಯಾರು ದಿಕ್ಕು ಎಂದು ಮಾವನವರು ಹೇಳುವುದು. ಮಗಳನ್ನು ಕಳಿಸಿದರೆ ಅಳಿಯ ಮತ್ತೆ ಈ ಕಡೆ ತಲೆಹಾಕಲಿಕ್ಕಿಲ್ಲವೆಂದು ಅವರ ಲೆಕ್ಕ. ಆ ಲೆಕ್ಕ ಪೂರಾ ತಪ್ಪೂ ಆಗಿರಲಿಲ್ಲ.

ಚಳಿಗಾಲ ಬಂತು, ಮೆಣಸಿನಕಾಯಿ ಬಂತು. ಒಣಹಾಕಲು ಅಂಗಳವಿಲ್ಲ. ಅತ್ತೆ ಏಣಿ ಹಚ್ಚಿ, ಬುಟ್ಟಿ ಹೊತ್ತು, ಮಾಳಿಗೆಯ ಮೇಲೆ ಹರವತೊಡಗಿದರು. ಮೊಣಕಾಲು ನೋವಿನವರು. ಆಳುಗಳನ್ನು ಹತ್ತಗೊಡಲೊಲ್ಲರು, ಏರುವವಳು ತಾನೇ ಎಂಬುದನ್ನು ಒಬ್ಬರು ನೋಡಬೇಕಾಗಿತ್ತು. ಒಂದು ದಿನ ಇಳಿಯುವಾಗ ಕಾಲು ಜಾರಿತು. ಏಣಿಯ ಕೆಳಗಿನ ಮೆಟ್ಟಿಲಾದ್ದರಿಂದ ದೊಡ್ಡ ಪೆಟ್ಟಾಗಲಿಲ್ಲ, ಆದರೆ ಬುಟ್ಟಿಯೂ ಅವರೂ ಒಟ್ಟಿಗೆ ಕೆಳಗೆ ಕುಳಿತರು. ಮಾವನವರು ಕಟ್ಟೆಯಿಂದ ಓಡಿಬಂದರು. ಅಷ್ಟು ವೇಗವಾಗಿ ಅವರು ಓಡಿದ್ದನ್ನು ನಾನು ನೋಡಿರಲಿಲ್ಲ. ಆದರೆ ಹತ್ತಿರ ಬಂದ ಮೇಲೆ ಏನು ಮಾತಾಡಬೇಕೆಂದು ತಿಳಿಯದೆ ನನ್ನ ಕಡೆ ತಿರುಗಿದರು.

"ಪೆಟ್ಟ ಬಿತ್ತೇನಂತ ಕೇಳ್ರಿ."

ಅತ್ತೆ ಚೆಲ್ಲಿದ ಕಾಯಿಗಳನ್ನು ಆರಿಸುತ್ತ, ತಲೆಯೆತ್ತದೆ ಹೇಳಿದರು: "ಹುಲ್ಲಿಗೇನೂ ಆಗಿಲ್ಲಂತ ಹೇಳ್ರಿ."

ಅದನ್ನು ನಾನು ಪೆಟ್ಟಾಗಿಲ್ಲವಂತೆ ಎಂದು ಅನುವಾದಿಸಿದೆ. ಮಾವನವರಿಗೆ ಮೂಲವೂ ಕೇಳಿಸಿತ್ತು. ಆ ದಿನ ಅವರು ಸರಿಯಾಗಿ ಊಟ ಮಾಡಲಿಲ್ಲ. ಸಂಜೆ ಅಂಗಳದ ಅಂಚಿಗೆ ನಿಂತು ಹುಲ್ಲನ್ನು ನೋಡುತ್ತಿದ್ದರು. ಆದರೆ ಮೊದಲಿನ ಗೆಲುವಿರಲಿಲ್ಲ. ಈಗ ಕಿತ್ತು ಹಾಕಿದರೆ ಸೋತಂತಾಗುತ್ತದೆ, ಬಿಟ್ಟರೆ ಮನೆ ಮನೆಯಾಗಿ ಉಳಿಯುವುದಿಲ್ಲ. ಅಷ್ಟರಲ್ಲಿ ಸರ್ಕಾರದ ಹತ್ತಿಯ ಸಾಹೇಬನೊಬ್ಬ ಬೆಳೆ ನೋಡಲು ಊರಿಗೆ ಬರುವನೆಂದು ಸುದ್ದಿ ಬಂತು. ಮಾವನವರು ಚಹಕ್ಕೆ ಕರೆದರು. ಇಂಗ್ಲೆಂಡಿನವನೊಬ್ಬ ನೋಡಿ ಸೈ ಎಂದರೆ ಸಾಕು, ಮಗಳನ್ನು ಮರುದಿನವೇ ಕಳಿಸುತ್ತೇನೆ ಎಂದು ನನಗೆ ಮಾತು ಕೊಟ್ಟರು. ಹೀಗೆ ನನ್ನ ಸಂಸಾರ ಒಬ್ಬ ಅಪರಿಚಿತ ಸಾಹೇಬನ ಅಭಿರುಚಿಗೆ ಜೋತುಬಿದ್ದಿತು.

ಸಾಹೇಬ ಬಂದ. ಕೆಂಪು ಮುಖದ, ಎತ್ತರದ, ಸಾದಾ ಮನುಷ್ಯ. ಬೂಟಿನ ತುಂಬ ಎರೆಮಣ್ಣು. ನಾನು ಹಿರೇಕೆರೂರಿನಿಂದಲೇ ಬಾಯಿಪಾಠ ಮಾಡಿಕೊಂಡು ಬಂದಿದ್ದ ಸ್ವಾಗತದ ವಾಕ್ಯವನ್ನು ಒಪ್ಪಿಸಿದೆ. ಅವನು ನಕ್ಕು ಏನೋ ಹೇಳಿದ. ನನಗೆ ಒಂದಕ್ಷರ ತಿಳಿಯಲಿಲ್ಲ. ನಾನು ಕಲಿತ ಇಂಗ್ಲೀಷಿನಲ್ಲಿ ಮಾತುಗಳು ಒಂದೊಂದಾಗಿ ಸಾಲಾಗಿ ನಿಲ್ಲುತ್ತಿದ್ದವು; ಅವನ ಇಂಗ್ಲೀಷಿನಲ್ಲಿ ಸಂತೆಗೆ ಬಿಟ್ಟ ಹೋರಿಗಳಂತೆ ಒಂದರ ಮೇಲೊಂದು ಬರುತ್ತಿದ್ದವು. 'ಯಸ್ ಸರ್' ಎಂದೆ. ಅದು ಎಲ್ಲ ಕಡೆಗೂ ಸಲ್ಲುವ ಮಾತು.

ಪಡಸಾಲೆಗೆ ಬಂದವನು ಚಿತ್ರದ ಮುಂದೆ ನಿಂತುಬಿಟ್ಟ. ಆಮೇಲೆ ತಿರುಗಿ ಬಾಗಿಲಿನಿಂದ ಅಂಗಳ ನೋಡಿದ. ಮತ್ತೆ ಚಿತ್ರ. ಏನೋ ಬಹಳ ಹೊತ್ತು ಹೇಳಿದ. ಅಜ್ಜ ಎಂಬ ಮಾತೊಂದು, ಹುಲ್ಲು ಎಂಬ ಮಾತೊಂದು ನನ್ನ ಕಿವಿಗೆ ಸಿಕ್ಕಿತು. ಸಾಹೇಬರು ಏನಂದರು ಎಂದು ಮಾವನವರು ನನ್ನ ತೋಳು ಹಿಡಿದರು. ಅಜ್ಜ ಹುಲ್ಲು ತಿನ್ನುತ್ತಿದ್ದನೆಂದು ಹೇಳುವ ಹಾಗಿಲ್ಲ. ಸಾಹೇಬನಿಗೆ ನನ್ನ ಅವಸ್ಥೆ ಅರ್ಥವಾಗಿರಬೇಕು. ಅವನೇ ಕನ್ನಡಕ್ಕೆ ತಿರುಗಿದ. ಯಾರೋ ಪಂಡಿತರ ಹತ್ತಿರ ಕಲಿತ, ಇಸ್ತ್ರಿ ಮಾಡಿದಂತಹ ಕನ್ನಡ.

"ನನ್ನ ಅಜ್ಜನು ಇಂಥ ಒಂದು ಮನೆಯಲ್ಲಿ ಹುಲ್ಲನ್ನು ಕತ್ತರಿಸುವ ಆಳಾಗಿದ್ದನು. ನಾನು ಅವನಿಗೆ ಊಟವನ್ನು ಒಯ್ಯುತ್ತಿದ್ದೆನು. ಆ ಹುಲ್ಲಿನ ಮೇಲೆ ಅಜ್ಜನು ಮೊಣಕಾಲೂರಿ ಮುದುಕನಾದನು, ಆದರೆ ಅದರ ಮೇಲೆ ಅಡ್ಡಾಡುವ ಅಪ್ಪಣೆಯು ನಮಗೆ ಇರಲಿಲ್ಲ."

ಸಾಹೇಬ ಬಾಗಿಲವರೆಗೆ ಹೋಗಿ, ಮಾವನವರ ಕಡೆ ತಿರುಗಿ ಮೆಲ್ಲಗೆ ಕೇಳಿದ: "ಗೌಡರೆ, ತಮ್ಮ ಅಪ್ಪಣೆಯಾದರೆ, ನಾನು ಈ ಹುಲ್ಲಿನ ಮೇಲೆ ನಡೆಯಬಹುದೇ?"

ಮಾವನವರ ಮುಖದಲ್ಲಿ ಏನೇನು ಹಾದುಹೋಯಿತೋ ನಾನು ವರ್ಣಿಸಲಾರೆ. ಕುರಿಗಳನ್ನು ಓಡಿಸಿದ ಬಾಯಿ, ಹೆಂಡತಿಯನ್ನು ಮಾಳಿಗೆ ಹತ್ತಿಸಿದ ಹಟ. ಅವರು, ನಡೀರಿ, ನಿಮ್ಮ ಮನಿ ಅಂತ ತಿಳಕೊಂಡು ನಡೀರಿ ಎಂದರು. ಸಾಹೇಬ ಮೆಟ್ಟಿಲ ಮೇಲೆ ಕುಳಿತು ಬೂಟು ಬಿಚ್ಚಿದ, ಕಾಲುಚೀಲ ಬಿಚ್ಚಿದ, ಷರಾಯಿ ಮಡಚಿದ. ಬಿಳಿಯ ಬರಿಗಾಲಲ್ಲಿ ಕರಕಿಯ ಮೇಲೆ ಇಳಿದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಆ ಮೂಲೆಯಿಂದ ಈ ಮೂಲೆಗೆ ನಿಧಾನವಾಗಿ ನಡೆದ. ಹೊರಗೆ ನೆರೆದಿದ್ದ ಜನ ನಗಬೇಕೋ ಕೈಮುಗಿಯಬೇಕೋ ತಿಳಿಯದೆ ನಿಂತರು. ಕೊನೆಗೆ ಅವನು ನಟ್ಟನಡುವೆ ಕಾಲು ಚಾಚಿ ಕುಳಿತುಬಿಟ್ಟ.

ಆಗ ಒಳಗಿನಿಂದ ಅತ್ತೆಯ ಧ್ವನಿ ಬಂತು. ನನಗಲ್ಲ, ನನ್ನ ಮೂಲಕವೂ ಅಲ್ಲ.

"ಪಾಪ, ಅಲ್ಲೇ ಕುಂತು ಚಾ ಕುಡೀಲಿ. ನೀವೂ ಹೋಗಿ ಜೊತಿಗೆ ಕುಂದರ್ರಿ, ಒಬ್ಬನ್ನ ಬಿಟ್ರ ಏನು ತಿಳಕೊಂಡಾನು."

ಎಂಟು ತಿಂಗಳ ಮೇಲೆ ಹೆಂಡತಿ ಗಂಡನಿಗೆ ಆಡಿದ ಮಾತು. ಮಾವನವರು ಚಪ್ಪಲಿ ಬಿಟ್ಟು, ತಾವು ನೆಡಿಸಿದ ಹುಲ್ಲಿನ ಮೇಲೆ ಮೊದಲ ಸಲ ಕಾಲಿಟ್ಟರು. ಮೆತ್ತಗೈತಿ ಎಂದು ಯಾರಿಗೋ ಹೇಳಿದರು. ಅತ್ತೆಯೇ ಚಹ ತಂದರು, ಮಂಡಕ್ಕಿ ಒಗ್ಗರಣೆ ತಂದರು. ಸಾಹೇಬ ಅವರಿಗೆ ಮೆಣಸಿನಕಾಯಿಯ ಬೆಳೆಯ ಬಗ್ಗೆ ಗ್ರಂಥದ ಕನ್ನಡದಲ್ಲಿ ಪ್ರಶ್ನೆ ಕೇಳುವುದು, ಅವರು ಹತ್ತಿಮತ್ತೂರಿನ ಕನ್ನಡದಲ್ಲಿ ಉತ್ತರ ಕೊಡುವುದು, ಇಬ್ಬರಿಗೂ ಪರಸ್ಪರ ತಿಳಿಯುವುದು. ನಾನು ಕೈಯಲ್ಲಿ ಬಟ್ಟಲು ಹಿಡಿದು ಅವರ ಬಾಯಿ ನೋಡುತ್ತ ಕುಳಿತೆ. ಹೊರಡುವಾಗ ಮೋಟಾರಿನ ಹತ್ತಿರ ಸಾಹೇಬ ನನ್ನ ಕೈಹಿಡಿದು ಮತ್ತೊಮ್ಮೆ ಇಂಗ್ಲೀಷಿನಲ್ಲಿ ಉದ್ದಕ್ಕೆ ಏನೋ ಹೇಳಿದ. 'ಯಸ್ ಸರ್' ಎಂದೆ.

ಮರುದಿನ ಬೆಳಿಗ್ಗೆ ಎದ್ದು ನೋಡುತ್ತೇನೆ, ಮಾಳಿಗೆಯಿಂದ ಮೆಣಸಿನಕಾಯಿಯ ಬುಟ್ಟಿಗಳನ್ನು ಇಳಿಸುತ್ತಿದ್ದವರು ಸ್ವತಃ ಮಾವನವರು. ಹುಲ್ಲಿನ ಮೇಲೆ ಚೌಕ ಚೌಕವಾಗಿ, ನಡುವೆ ಸರಿಯಾಗಿ ಹಾದಿ ಬಿಟ್ಟು, ತಾವೇ ಹರವುತ್ತಿದ್ದರು. ಹಸಿರಿನ ಮೇಲೆ ಕೆಂಪು. ಅತ್ತೆ ಕಟ್ಟೆಯ ಮೇಲೆ ಕುಳಿತು, ಆ ಮೂಲೆಯದು ಸ್ವಲ್ಪ ತೆಳ್ಳಗಾಗಲಿ ಎಂದು ಹೇಳುತ್ತಿದ್ದರು. ಹೇಳುತ್ತಿದ್ದುದು ನೇರವಾಗಿ ಗಂಡನಿಗೆ.

ಮಾತು ಕೊಟ್ಟಂತೆ ಮಾವನವರು ಬಂಡಿ ಕಟ್ಟಿಸಿದರು. ಗಂಗಾ, ಮಗು, ತೊಟ್ಟಿಲು, ಜೋಳದ ಚೀಲ, ಸವಣೂರಿನ ವೀಳ್ಯದೆಲೆಯ ಕಟ್ಟು, ಎಲ್ಲ ಹೇರಿಕೊಂಡು ಹಾವೇರಿಯ ಹಾದಿ ಹಿಡಿದೆವು. ನಾನು ಬಹಳ ಉಬ್ಬಿದ್ದೆ. ಊರವರೆಲ್ಲ ನನಗೆ ನಮಸ್ಕಾರ ಮಾಡಿ ಕಳಿಸಿದ್ದರು. ಸಾಹೇಬನ ಸಂಗಡ ಕೈಕುಲುಕಿ ಮಾತಾಡಿದವನು ನಾನೊಬ್ಬನೇ ಅಲ್ಲವೆ? ಊರು ದಾಟಿದ ಮೇಲೆ ಗಂಗಾ ಮಗುವಿಗೆ ಬಿಸಿಲು ತಾಗದಂತೆ ಸೆರಗು ಮರೆಮಾಡುತ್ತ, ಹೋಗುವಾಗ ಆ ಸಾಹೇಬ ನಿಮಗೊಬ್ಬರಿಗೇ ಅಷ್ಟು ಹೊತ್ತು ಇಂಗ್ಲೀಷಿನಲ್ಲಿ ಏನು ಹೇಳಿದ ಎಂದು ಕೇಳಿದಳು.

ನಾನು ಬಂಡಿಯ ಗೂಟಕ್ಕೆ ಒರಗಿಕೊಂಡು ಸಾವಕಾಶವಾಗಿ ಹೇಳಿದೆ: ನಿನ್ನ ಗಂಡ ಭಾಳ ಶ್ಯಾಣ್ಯಾ ಅದಾನ, ಇಂಥವರು ಈ ಸೀಮೆಯಲ್ಲೇ ಅಪರೂಪ ಎಂದು ಹೇಳಿದ.

ಗಂಗಾ ಮಗುವಿನ ಕುಲಾವಿ ಸರಿಮಾಡಿದಳು.

"ಹಂಗಾರ ನಿಮ್ಮ ಇಂಗ್ಲೀಷು ಅವರಿಗೆ ತಿಳಿದಿಲ್ಲ ಬಿಡ್ರಿ" ಎಂದಳು.

ಬಂಡಿ ಹೊಡೆಯುವವನು ಕೆಮ್ಮಿದ. ನಾನು ಎತ್ತುಗಳ ತಬ್ಯೇತು ಹೇಗಿದೆಯೆಂದು ಅವನನ್ನು ವಿಚಾರಿಸತೊಡಗಿದೆ.